ಟೂರ್ ಪ್ಯಾಕೇಜ್ ಇಲ್ಲದೆ ಸ್ವಿಟ್ಜರ್ಲೆಂಡ್ ಸುತ್ತುವುದು ಹೇಗೆ?

"ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ, ಸ್ವಿಟ್ಜರ್ಲೆಂಡ್‌ಗೆ ಹೋಗೋಣ ಅಂತಿದ್ದೀವಿ, ಯಾವ ಟ್ರೈನ್ ಪಾಸ್ ತಗೋಬೇಕು?" ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಪಾಸ್ ವಿಷಯಕ್ಕೆ ಬರುತ್ತೇನೆ. ಆದರೆ ಅದಕ್ಕಿಂತ ಮೊದಲು ಯಾವ ತಿಂಗಳು ಹೋಗುತ್ತೀರಿ, ಎಷ್ಟು ಊರುಗಳಲ್ಲಿ ಉಳಿಯುತ್ತೀರಿ ಅನ್ನುವುದು ತೀರ್ಮಾನ ಆಗಬೇಕು. ಅವೆರಡು ಸರಿಯಾದರೆ ಉಳಿದದ್ದು ಕಷ್ಟವೇನಲ್ಲ. ಅಲ್ಲಿ ರೈಲು, ಬಸ್ಸು, ದೋಣಿ, ಕೇಬಲ್ ಕಾರ್ ಎಲ್ಲ ಒಂದರ ಸಮಯಕ್ಕೆ ಇನ್ನೊಂದು ಹೊಂದುವ ಹಾಗೆ ಓಡುತ್ತವೆ. ಮನೆಮಂದಿಯನ್ನು ಕರೆದುಕೊಂಡು ಸ್ವಂತವಾಗಿ ಸುತ್ತಲು ಯುರೋಪಿನಲ್ಲಿ ಇದಕ್ಕಿಂತ ಸಲೀಸಾದ ದೇಶ ಸಿಗುವುದು ಕಷ್ಟ.

1. ಮೊದಲು ತಿಂಗಳು ಗಟ್ಟಿ ಮಾಡಿ

ನಮ್ಮ ಏಪ್ರಿಲ್-ಮೇ ರಜೆಗೂ ಅಲ್ಲಿನ ಬೆಟ್ಟಗಳಿಗೂ ಅಷ್ಟಾಗಿ ಹೊಂದುವುದಿಲ್ಲ. ಚಳಿಗಾಲದ ಸ್ಕೀಯಿಂಗ್ ಮುಗಿದು ಬೇಸಿಗೆ ಶುರುವಾಗುವ ಮುಂಚೆ ಬಹಳಷ್ಟು ಕೇಬಲ್ ಕಾರ್‌ಗಳನ್ನು ವಾರ್ಷಿಕ ರಿಪೇರಿಗೆ ನಿಲ್ಲಿಸುತ್ತಾರೆ. ನವೆಂಬರ್‌ನಲ್ಲೂ ಇದೇ ಕತೆ. ಏಪ್ರಿಲ್‌ನಲ್ಲಿ ಮೇಲಿನ ನಡಿಗೆ ದಾರಿಗಳು ಇನ್ನೂ ಹಿಮದ ಅಡಿಯಲ್ಲಿರುತ್ತವೆ. ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್‌ನಂಥ ಘಾಟಿ ರಸ್ತೆಗಳು ತೆರೆಯುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಪಿಲಾಟುಸ್ ಬೆಟ್ಟದ ಹಲ್ಲುಚಕ್ರದ ರೈಲು ಚಳಿಗಾಲದಲ್ಲಿ ಓಡುವುದಿಲ್ಲ.

ಹಾಗಂತ ಏಪ್ರಿಲ್-ಮೇ ದಂಡ ಅಲ್ಲ. ಕಣಿವೆಗಳಲ್ಲಿ ಹೂವು ಬಿಟ್ಟಿರುತ್ತವೆ, ಹಿಮ ಕರಗಿ ಲೌಟರ್‌ಬ್ರುನೆನ್ ಕಣಿವೆಯ ಜಲಪಾತಗಳು ತುಂಬಿ ಧುಮ್ಮಿಕ್ಕುತ್ತಿರುತ್ತವೆ. ಯುಂಗ್‌ಫ್ರೌಯೋಖ್ ಮತ್ತು ಗೋರ್ನರ್‌ಗ್ರಾಟ್ ಬೆಟ್ಟಗಳ ರೈಲುಗಳು ವರ್ಷವಿಡೀ ಓಡುತ್ತವೆ. ನೀವು ನೋಡಬೇಕು ಅಂದುಕೊಂಡಿರುವ ಪ್ರತಿ ಬೆಟ್ಟದ ವೆಬ್‌ಸೈಟಿಗೆ ಹೋಗಿ, ನಿಮ್ಮ ತಾರೀಕಿನಂದು ಅದು ತೆರೆದಿದೆಯೇ ಅಂತ ನೋಡಿ. ವಿಮಾನದ ಟಿಕೆಟ್ ಅದಾದ ಮೇಲೆ.

ನಡೆಯುವ ಆಸೆ ಇದ್ದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಒಳ್ಳೆಯದು. ಜುಲೈ-ಆಗಸ್ಟ್‌ನಲ್ಲಿ ಜನ ಜಾಸ್ತಿ, ಹೋಟೆಲ್ ದರವೂ ಜಾಸ್ತಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್, ಇಲ್ಲವೇ ದಸರಾ ರಜೆ ಬೇಗ ಬಂದ ವರ್ಷ ಅಕ್ಟೋಬರ್ ಮೊದಲ ವಾರ.

2. ವೀಸಾ

ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ 2008ರಿಂದ ಷೆಂಗೆನ್ ವ್ಯವಸ್ಥೆಯಲ್ಲಿದೆ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಯಾವುದೇ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು, ಅದೂ ನಿಮ್ಮ ವೀಸಾದಲ್ಲಿ ಬರೆದಷ್ಟೇ ದಿನ. ಪ್ಯಾರಿಸ್ ಅಥವಾ ಇಟಲಿಯನ್ನೂ ಸೇರಿಸಿಕೊಂಡಿದ್ದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. "ಆ ದೇಶದ ವೀಸಾ ಬೇಗ ಸಿಗುತ್ತೆ" ಅಂತ ಬೇರೆ ಕಡೆ ಹಾಕಿ, ಆಮೇಲೆ ಪ್ಲ್ಯಾನ್ ಬದಲಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಗಡಿಯಲ್ಲಿ ಹೋಟೆಲ್ ಬುಕಿಂಗ್ ಕೇಳಬಹುದು, ಮುಂದಿನ ಸಲ ವೀಸಾ ಹಾಕುವಾಗಲೂ ತೊಂದರೆ.

ಅರ್ಜಿಯನ್ನು ವಿಎಫ್‌ಎಸ್ (ವೀಸಾ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ) ಕೇಂದ್ರದ ಮೂಲಕ ಕೊಡಬೇಕು, ಬೆಂಗಳೂರಿನಲ್ಲೂ ಇದೆ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು. ಕೊನೆಯ ಗಡುವು 15 ದಿನ ಅಂತಿದ್ದರೂ ಅಷ್ಟು ತಡ ಮಾಡಬೇಡಿ. ಬೇಸಿಗೆ ರಜೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಎರಡು-ಮೂರು ತಿಂಗಳು ಮುಂಚೆಯೇ ಹಾಕಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ.

ಬೇಕಾದದ್ದು:

- ಪಾಸ್‌ಪೋರ್ಟ್: ಕಳೆದ 10 ವರ್ಷಗಳ ಒಳಗೆ ಕೊಟ್ಟಿದ್ದಾಗಿರಬೇಕು, ನೀವು ವಾಪಸ್ ಹೊರಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.
- ಪ್ರಯಾಣ ವಿಮೆ: ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ, ಎಲ್ಲ ಷೆಂಗೆನ್ ದೇಶಗಳಿಗೆ ಅನ್ವಯಿಸಬೇಕು. ಬೆಟ್ಟದ ಮೇಲಿನ ರಕ್ಷಣಾ ಕಾರ್ಯವೂ ಸೇರಿದೆಯೇ ನೋಡಿ, ಹೆಲಿಕಾಪ್ಟರ್ ಬಿಲ್ ಸಣ್ಣದಿರುವುದಿಲ್ಲ.
- ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಸಂಬಳದ ಚೀಟಿ, ಆಫೀಸಿನಿಂದ ರಜೆ ಪತ್ರ. ತಲೆಗೆ ದಿನಕ್ಕೆ ಸುಮಾರು 100 ಸ್ವಿಸ್ ಫ್ರಾಂಕ್ ಖರ್ಚು ಮಾಡುವ ಶಕ್ತಿ ಇದೆ ಅಂತ ಕಾಣಬೇಕು.
- ಹೋಟೆಲ್ ಬುಕಿಂಗ್, ಹೋಗಿ ಬರುವ ವಿಮಾನದ ರಿಸರ್ವೇಶನ್, ಯಾವ ದಿನ ಎಲ್ಲಿ ಅನ್ನುವ ಪಟ್ಟಿ. ವೀಸಾ ಕೈಗೆ ಬರುವ ಮುಂಚೆ ದುಡ್ಡು ವಾಪಸ್ ಬರದ ಟಿಕೆಟ್ ತೆಗೆಯಬೇಡಿ.
- ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ಅಪ್ಪ-ಅಮ್ಮನಲ್ಲಿ ಒಬ್ಬರೇ ಕರೆದುಕೊಂಡು ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ.

ಅರ್ಜಿ ತಿರಸ್ಕಾರವಾದಾಗ ಜನ ಮೊದಲು ಅನುಮಾನಪಡುವುದು ಬ್ಯಾಂಕ್ ಬ್ಯಾಲೆನ್ಸನ್ನು. ಆದರೆ ಕಾಗದಗಳು ಒಂದಕ್ಕೊಂದು ತಾಳೆಯಾಗದಿದ್ದರೂ ಕಷ್ಟವೇ. ರಜೆ ಪತ್ರದಲ್ಲಿ ಒಂದು ತಾರೀಕು, ಹೋಟೆಲ್‌ನಲ್ಲಿ ಇನ್ನೊಂದು, ವಿಮೆಯಲ್ಲಿ ಮತ್ತೊಂದು ಇರಬಾರದು. ಅರ್ಜಿಗೆ ಒಂದು ವಾರ ಮುಂಚೆ ಖಾತೆಗೆ ದೊಡ್ಡ ಮೊತ್ತ ಹಾಕಿಸುವುದೂ ಬೇಡ, ಅದು ಎದ್ದು ಕಾಣುತ್ತದೆ.

ಇನ್ನೊಂದು ಮಾತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಪ್ಯಾರಿಸ್ ಮೇಲೆ ಹೋಗುವವರಿಗೆ ಇಮಿಗ್ರೇಶನ್ ಆಗುವುದು ಜ್ಯೂರಿಕ್‌ನಲ್ಲಿ ಅಲ್ಲ, ಆ ಮೊದಲ ಊರಲ್ಲೇ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಶುರುವಾಗಿದೆ, ಸಾಲು ಉದ್ದ ಆಗುತ್ತದೆ. ಮುಂದಿನ ವಿಮಾನಕ್ಕೆ ಒಂದು ಗಂಟೆ ಮಾತ್ರ ಸಮಯ ಇರುವ ಟಿಕೆಟ್ ತೆಗೆಯಬೇಡಿ. ಎರಡೂವರೆ ಗಂಟೆ ಇದ್ದರೆ ನೆಮ್ಮದಿ.

3. ಊರುಗಳ ಪಟ್ಟಿಗೆ ಕತ್ತರಿ ಹಾಕಿ

ದೇಶ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪವೇ ಕಡಿಮೆ. ಜ್ಯೂರಿಕ್‌ನಿಂದ ಬೆರ್ನ್‌ಗೆ ರೈಲಿನಲ್ಲಿ ಒಂದು ಗಂಟೆ, ಲ್ಯೂಸರ್ನ್‌ಗೆ ಇನ್ನೂ ಕಡಿಮೆ. ಲ್ಯೂಸರ್ನ್‌ನಿಂದ ಇಂಟರ್‌ಲಾಕೆನ್‌ಗೆ ಎರಡು ಗಂಟೆಯೊಳಗೆ. ಹಾಗಾಗಿ ದಿನಕ್ಕೊಂದು ಹೋಟೆಲ್ ಬದಲಿಸುವ ಅಗತ್ಯವೇ ಇಲ್ಲ. ಒಂದು ವಾರಕ್ಕೆ ಎರಡು ತಂಗುದಾಣ ಸಾಕು: ಲ್ಯೂಸರ್ನ್‌ನಲ್ಲಿ ಮೂರು ರಾತ್ರಿ, ಇಂಟರ್‌ಲಾಕೆನ್ ಅಥವಾ ಲೌಟರ್‌ಬ್ರುನೆನ್ ಕಡೆ ನಾಲ್ಕು ರಾತ್ರಿ. ಹತ್ತು ದಿನ ಇದ್ದರೆ ಮ್ಯಾಟರ್‌ಹಾರ್ನ್ ಶಿಖರ ನೋಡಲು ಝೆರ್ಮಾಟ್ ಸೇರಿಸಿ.

ಹೀಗೆ ಒಂದೇ ಕಡೆ ಉಳಿಯಿರಿ ಅನ್ನುವುದಕ್ಕೆ ಮುಖ್ಯ ಕಾರಣ ಮೋಡ. ಒಂದೇ ಊರಲ್ಲಿ ನಾಲ್ಕು ರಾತ್ರಿ ಇದ್ದರೆ ಆಕಾಶ ತಿಳಿಯಾದ ದಿನ ಬೆಟ್ಟ ಹತ್ತಬಹುದು, ಮಳೆ ಬಂದ ದಿನ ಬೆರ್ನ್‌ನ ಹಳೇ ಪೇಟೆಗೋ ಮ್ಯೂಸಿಯಂಗೋ ಹೋಗಬಹುದು. ದಿನಕ್ಕೊಂದು ಊರು ಅಂತ ಹಾಕಿಕೊಂಡವರಿಗೆ ಈ ಆಯ್ಕೆಯೇ ಇರುವುದಿಲ್ಲ, ಮೋಡ ಮುಚ್ಚಿದ್ದರೂ ಅವತ್ತೇ ಹತ್ತಬೇಕು.

ಹೋಟೆಲ್ ಹುಡುಕುವಾಗ ರೈಲು ನಿಲ್ದಾಣದಿಂದ ಎಷ್ಟು ದೂರ ಅಂತ ನೋಡಿ. ವೆಂಗೆನ್, ಮ್ಯೂರೆನ್, ಝೆರ್ಮಾಟ್‌ಗಳಿಗೆ ಹೊರಗಿನ ಕಾರು ಬಿಡುವುದಿಲ್ಲ, ರೈಲು ಅಥವಾ ಕೇಬಲ್ ಕಾರ್‌ನಲ್ಲೇ ಸೇರಬೇಕು. ದೊಡ್ಡ ಸೂಟ್‌ಕೇಸ್‌ಗಳಿದ್ದರೆ ಅದೇ ಒಂದು ಕೆಲಸ. ಚೆಕ್-ಇನ್ ಆದ ತಕ್ಷಣ ಗೆಸ್ಟ್ ಕಾರ್ಡ್ ಕೇಳಿ. ನೀವು ಕಟ್ಟುವ ಪ್ರವಾಸಿ ತೆರಿಗೆಗೆ ಬದಲಾಗಿ ಹೋಟೆಲ್‌ನವರು ಕೊಡುವ ಕಾರ್ಡ್ ಅದು. ಇಂಟರ್‌ಲಾಕೆನ್, ಲ್ಯೂಸರ್ನ್, ಬಾಸೆಲ್, ಜಿನೀವಾಗಳಲ್ಲಿ ಅದರಿಂದ ಊರೊಳಗಿನ ಬಸ್ಸು-ಟ್ರ್ಯಾಮ್ ಉಚಿತ.

4. ಪಾಸ್ ಲೆಕ್ಕ

ಮುಖ್ಯವಾಗಿ ಎರಡು ಆಯ್ಕೆ.

ಸ್ವಿಸ್ ಟ್ರಾವೆಲ್ ಪಾಸ್: 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರ್ಯಾಮ್ ಎಲ್ಲ ಸೇರಿದೆ. 500ಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೋಸ್ ಬೆಟ್ಟಗಳು ಪೂರ್ತಿ ಉಚಿತ. ಉಳಿದ ಬಹುಪಾಲು ಬೆಟ್ಟಗಳಿಗೆ ಅರ್ಧ ದರ.

ಹಾಫ್ ಫೇರ್ ಕಾರ್ಡ್: ಒಂದು ತಿಂಗಳು ಚಾಲ್ತಿ. ಉಚಿತ ಅಂತ ಏನೂ ಇಲ್ಲ, ಆದರೆ ರೈಲು, ದೋಣಿ, ಹೆಚ್ಚುಕಡಿಮೆ ಎಲ್ಲ ಬೆಟ್ಟಗಳಿಗೂ ಅರ್ಧ ದರ.

ಎಲ್ಲರೂ ಎಡವುವುದು ಯುಂಗ್‌ಫ್ರೌಯೋಖ್ ಲೆಕ್ಕದಲ್ಲಿ. ಇಂಟರ್‌ಲಾಕೆನ್‌ನಿಂದ ಅಲ್ಲಿಗೆ ಹೋಗಿ ಬರಲು ಪೂರ್ತಿ ದರ 200 ಫ್ರಾಂಕ್ ದಾಟುತ್ತದೆ. ಟ್ರಾವೆಲ್ ಪಾಸ್ ಇದ್ದರೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಉಚಿತ, ಅಲ್ಲಿಂದ ಮೇಲಕ್ಕೆ ಸಿಗುವ ರಿಯಾಯಿತಿ ಬರೀ 25%. ಹಾಫ್ ಫೇರ್ ಕಾರ್ಡ್‌ಗೆ 50%. ಅಂದರೆ ಒಂದೇ ಕಡೆ ಉಳಿದು ದುಬಾರಿ ಬೆಟ್ಟಗಳನ್ನು ಹತ್ತುವವರಿಗೆ ಹಾಫ್ ಫೇರ್ ಲಾಭ. ದಿನಾ ದೂರದ ರೈಲು, ದೋಣಿ, ಮ್ಯೂಸಿಯಂ ಅಂತ ಓಡಾಡುವವರಿಗೆ ಟ್ರಾವೆಲ್ ಪಾಸ್. ದರಗಳು ಆಗಾಗ ಏರುತ್ತವೆ. ಹಾಗಾಗಿ ಎಸ್‌ಬಿಬಿ ಆಪ್‌ನಲ್ಲಿ (ಸ್ವಿಸ್ ರೈಲ್ವೆಯ ಅಧಿಕೃತ ಆಪ್) ನಿಮ್ಮ ಪ್ರತಿ ಪ್ರಯಾಣದ ದರ ನೋಡಿ, ಒಂದು ಹಾಳೆಯಲ್ಲಿ ಬರೆದು ಕೂಡಿ ನೋಡಿ. ಅರ್ಧ ಗಂಟೆಯ ಕೆಲಸ, ನಾಲ್ಕು ಜನರ ಕುಟುಂಬಕ್ಕೆ ಒಳ್ಳೆಯ ಮೊತ್ತ ಉಳಿಯಬಹುದು.

ಮಕ್ಕಳಿರುವವರು ಇದನ್ನು ಮರೆಯಬೇಡಿ: 6ರಿಂದ 16 ವರ್ಷದೊಳಗಿನ ಮಕ್ಕಳು ಅಪ್ಪ ಅಥವಾ ಅಮ್ಮನ ಜೊತೆ ಹೋಗುವಾಗ ಸ್ವಿಸ್ ಫ್ಯಾಮಿಲಿ ಕಾರ್ಡ್ ಇದ್ದರೆ ಟಿಕೆಟ್ ಬೇಕಿಲ್ಲ. ಈ ಕಾರ್ಡ್‌ಗೆ ದುಡ್ಡಿಲ್ಲ, ಆದರೆ ಪಾಸ್ ಕೊಳ್ಳುವಾಗಲೇ ಕೇಳಿ ಹಾಕಿಸಿಕೊಳ್ಳಬೇಕು. 25 ವರ್ಷ ತುಂಬದವರಿಗೆ ಯೂತ್ ಪಾಸ್ ಕಡಿಮೆ ಬೆಲೆಗೆ ಸಿಗುತ್ತದೆ.

ಪಾಸ್‌ನ ದಿನ ಅಂದರೆ ಕ್ಯಾಲೆಂಡರ್ ದಿನ, 24 ಗಂಟೆ ಅಲ್ಲ. ಸಂಜೆ 6ಕ್ಕೆ ಇಳಿದು ಅವತ್ತಿನಿಂದಲೇ ಪಾಸ್ ಶುರು ಮಾಡಿದರೆ ಸುಮ್ನೆ ಒಂದು ದಿನ ಕಳೆದುಕೊಂಡಂತೆ. ವಿಮಾನ ನಿಲ್ದಾಣದಿಂದ ಹೋಟೆಲ್‌ಗೆ ಅವತ್ತಿಗೆ ಬಿಡಿ ಟಿಕೆಟ್ ತಗೊಳ್ಳಿ.

5. ರೈಲು ಹತ್ತುವಾಗ

ಸಾಮಾನ್ಯ ರೈಲುಗಳಿಗೆ ಸೀಟು ಕಾದಿರಿಸುವ ಪದ್ಧತಿ ಇಲ್ಲ. ಟಿಕೆಟ್ ಅಥವಾ ಪಾಸ್ ಇದ್ದರೆ ಯಾವ ರೈಲಾದರೂ ಹತ್ತಬಹುದು. ಆದರೆ ಹತ್ತುವ ಮುಂಚೆ ಟಿಕೆಟ್ ಕೈಯಲ್ಲಿರಬೇಕು. ನಿಲ್ದಾಣದಲ್ಲಿ ಗೇಟ್ ಇಲ್ಲ, ಒಳಗೆ ಪರೀಕ್ಷಕರು ಬಂದೇ ಬರುತ್ತಾರೆ, ಟಿಕೆಟ್ ಇಲ್ಲದಿದ್ದರೆ ದಂಡ. ಪಾಸ್ ತೋರಿಸುವಾಗ ಪಾಸ್‌ಪೋರ್ಟನ್ನೂ ಕೇಳಬಹುದು. ಸೂಪರ್‌ಸೇವರ್ ಅನ್ನುವ ಅಗ್ಗದ ಟಿಕೆಟ್ ಕೊಂಡಿದ್ದರೆ ಅದರಲ್ಲಿ ಬರೆದ ರೈಲಿಗೆ ಮಾತ್ರ ಅದು ನಡೆಯುತ್ತದೆ.

ಪ್ಲಾಟ್‌ಫಾರ್ಮ್ ಮೇಲೆ ಎ, ಬಿ, ಸಿ, ಡಿ ಅಂತ ಭಾಗಗಳಿರುತ್ತವೆ. ಯಾವ ಭಾಗದಲ್ಲಿ ಸೆಕೆಂಡ್ ಕ್ಲಾಸ್ ಬರುತ್ತದೆ ಅನ್ನುವುದು ಬೋರ್ಡಿನಲ್ಲೇ ಇರುತ್ತದೆ, ಮೊದಲೇ ಅಲ್ಲಿ ಹೋಗಿ ನಿಲ್ಲಿ. ಸೆಕೆಂಡ್ ಕ್ಲಾಸ್ ಧಾರಾಳ ಸಾಕು.

ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದಿಂದ ಬೆಟ್ಟದ ಕಡೆ ಹೋಗುವ ರೈಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಿನಾ ಯಾರಾದರೂ ಇಲ್ಲಿ ತಪ್ಪುತ್ತಾರೆ. ಒಂದೇ ರೈಲು, ಒಂದೇ ಪ್ಲಾಟ್‌ಫಾರ್ಮ್. ಆದರೆ ಅರ್ಧ ಗಾಡಿ ಲೌಟರ್‌ಬ್ರುನೆನ್‌ಗೆ, ಇನ್ನರ್ಧ ಗ್ರಿಂಡೆಲ್‌ವಾಲ್ಡ್‌ಗೆ. ತ್ಸ್ವೈಲ್ಯೂಟ್ಶಿನೆನ್ ಅನ್ನುವ ಸಣ್ಣ ನಿಲ್ದಾಣದಲ್ಲಿ ಗಾಡಿ ಎರಡಾಗಿ ಬೇರ್ಪಟ್ಟು ಎರಡು ಕಣಿವೆಗೆ ಹೋಗುತ್ತದೆ. ಹತ್ತುವ ಮುಂಚೆ ಆ ಬೋಗಿಯ ಮೇಲಿನ ಬೋರ್ಡ್ ಓದಿ. ತಪ್ಪು ಬೋಗಿ ಅಂತ ದಾರಿಯಲ್ಲಿ ಗೊತ್ತಾದರೆ ಗಾಬರಿ ಬೇಡ, ಅದೇ ತ್ಸ್ವೈಲ್ಯೂಟ್ಶಿನೆನ್‌ನಲ್ಲಿ ಇಳಿದು ಆಚೆ ಭಾಗಕ್ಕೆ ಬೇಗ ಹೋಗಿ. ಮನೆಯವರೆಲ್ಲ ಒಂದೇ ಬೋಗಿಯಲ್ಲಿ ಇದ್ದೀರಾ ಅಂತಲೂ ನೋಡಿಕೊಳ್ಳಿ.

ಗ್ಲೇಸಿಯರ್ ಎಕ್ಸ್‌ಪ್ರೆಸ್, ಬೆರ್ನಿನಾ ಎಕ್ಸ್‌ಪ್ರೆಸ್ ಎಂಬ ಪ್ರವಾಸಿ ರೈಲುಗಳಿಗೆ ಮಾತ್ರ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾದಿರಿಸಬೇಕು. ಅದೇ ಹಳಿಯ ಮೇಲೆ ಸಾಮಾನ್ಯ ಲೋಕಲ್ ರೈಲುಗಳೂ ಓಡುತ್ತವೆ, ಅವಕ್ಕೆ ಈ ಹೆಚ್ಚುವರಿ ಶುಲ್ಕ ಇಲ್ಲ. 2,253 ಮೀಟರ್ ಎತ್ತರದ ಬೆರ್ನಿನಾ ಘಾಟಿ, ಬ್ರೂಸಿಯೋದಲ್ಲಿ ರೈಲು ಪೂರ್ತಿ ಒಂದು ಸುತ್ತು ಹಾಕುವ ಕಲ್ಲಿನ ಸೇತುವೆ, ಎಲ್ಲ ಲೋಕಲ್‌ನಲ್ಲೂ ಕಾಣುತ್ತವೆ. ಕಿಟಕಿ ತೆರೆಯುವ ಬೋಗಿ ಸಿಕ್ಕರೆ ಗಾಜಿನ ಪ್ರತಿಬಿಂಬ ಇಲ್ಲದ ಫೋಟೋ ಬರುತ್ತದೆ. ನನ್ನ ಮಟ್ಟಿಗೆ ಲೋಕಲೇ ಮೇಲು.

6. ಬೆಟ್ಟಕ್ಕೆ ಹೋಗುವ ದಿನ

ಬೆಳಿಗ್ಗೆ ಎದ್ದ ಕೂಡಲೇ ಬೆಟ್ಟದ ಮೇಲಿನ ಲೈವ್ ಕ್ಯಾಮೆರಾ ನೋಡಿ. ಎಲ್ಲ ದೊಡ್ಡ ಬೆಟ್ಟಗಳ ವೆಬ್‌ಸೈಟಿನಲ್ಲೂ ಇದೆ. ಕೆಳಗೆ ಮೋಡ ಇದ್ದರೂ ಮೇಲೆ ಬಿಸಿಲಿರಬಹುದು, ಶರತ್ಕಾಲದಲ್ಲಂತೂ ಇದು ಮಾಮೂಲು. ಕೆಳಗೆ ಬಿಸಿಲಿದ್ದು ಮೇಲೆ ಬರೀ ಬೆಳ್ಳಗೆ ಕಾಣುವುದೂ ಉಂಟು. ಕ್ಯಾಮೆರಾದಲ್ಲಿ ಬೆಳ್ಳಗಿದ್ದರೆ ಅವತ್ತು 200 ಫ್ರಾಂಕ್ ಕೊಟ್ಟು ಹೋಗಬೇಡಿ, ದಯವಿಟ್ಟು. ಇದೇ ಕಾರಣಕ್ಕೆ ಟಿಕೆಟನ್ನು ಊರಲ್ಲಿ ಕೂತು ತಿಂಗಳು ಮುಂಚೆ ಕೊಳ್ಳುವುದೂ ಬೇಡ. ಹಿಂದಿನ ಸಂಜೆ ಅಥವಾ ಅವತ್ತೇ ಬೆಳಿಗ್ಗೆ ತಗೊಳ್ಳಿ. ತೀರಾ ಜನ ಇರುವ ಜುಲೈ-ಆಗಸ್ಟ್‌ನಲ್ಲಿ ಮಾತ್ರ ಒಂದೆರಡು ದಿನ ಮುಂಚೆ ಸೀಟಿನ ಪರಿಸ್ಥಿತಿ ವಿಚಾರಿಸಿ.

ಯುಂಗ್‌ಫ್ರೌಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಬಂಡೆ ಕೊರೆದು ಮಾಡಿದ ಸುರಂಗದ ಈ ರೈಲು 1912ರಿಂದ ಓಡುತ್ತಿದೆ. 2020ರ ಡಿಸೆಂಬರ್‌ನಲ್ಲಿ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಬಂದ ಮೇಲೆ ಇನ್ನೂ ಬೇಗ ಮೇಲೆ ತಲುಪುತ್ತೀರಿ. ಅಷ್ಟು ಬೇಗ ಅಷ್ಟು ಎತ್ತರಕ್ಕೆ ಹೋದಾಗ ತಲೆನೋವು, ತಲೆಸುತ್ತು, ಏದುಸಿರು ಬರಬಹುದು. ನಿಧಾನಕ್ಕೆ ನಡೆಯಿರಿ, ಓಡಬೇಡಿ, ನೀರು ಕುಡಿಯಿರಿ. ಹೃದಯ ಅಥವಾ ಉಸಿರಾಟದ ತೊಂದರೆ ಇರುವ ಹಿರಿಯರು, ಗರ್ಭಿಣಿಯರು, ಕೈಗೂಸು ಇರುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ತೀರಾ ಸುಸ್ತು ಕಂಡರೆ ಮುಂದಿನ ರೈಲಿಗೇ ಕೆಳಗಿಳಿಯಿರಿ, ಇಳಿದರೆ ಸರಿಹೋಗುತ್ತದೆ.

ಅಷ್ಟು ಖರ್ಚು ಬೇಡ ಅನ್ನಿಸಿದರೆ ಟ್ರಾವೆಲ್ ಪಾಸ್‌ನಲ್ಲೇ ಲ್ಯೂಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌಗೆ ಹೋಗಿ, ಅಲ್ಲಿಂದ ಹಲ್ಲುಚಕ್ರದ ರೈಲಿನಲ್ಲಿ ರಿಗಿ ಹತ್ತಿ. 1871ರಲ್ಲಿ ಶುರುವಾದ ಇದು ಯುರೋಪಿನ ಮೊದಲ ಬೆಟ್ಟದ ರೈಲು. ವಯಸ್ಸಾದವರಿಗೂ ಮಕ್ಕಳಿಗೂ ಹಾಯಾದ ಜಾಗ.

ಬೇಸಿಗೆಯಲ್ಲೂ ಯುಂಗ್‌ಫ್ರೌಯೋಖ್ ಮೇಲೆ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಒಂದೇ ದಪ್ಪ ಕೋಟಿಗಿಂತ ತೆಳುವಾದ ಎರಡು-ಮೂರು ಪದರ ಹಾಕಿ, ಮೇಲೊಂದು ಗಾಳಿ-ಮಳೆ ತಡೆಯುವ ಜಾಕೆಟ್. ಹಿಡಿತ ಇರುವ ಶೂ ಬೇಕೇ ಬೇಕು. ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ತಂಪು ಕನ್ನಡಕ ಮರೆಯಬೇಡಿ.

ನಡಿಗೆ ದಾರಿಗಳ ಬಣ್ಣ ಗೊತ್ತಿರಲಿ. ಬರೀ ಹಳದಿ ಗುರುತು ಇದ್ದರೆ ಎಲ್ಲರೂ ನಡೆಯಬಹುದಾದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಕಡಿದಾದ ಬೆಟ್ಟದ ದಾರಿ. ಬಿಳಿ-ನೀಲಿ-ಬಿಳಿ ಪರ್ವತಾರೋಹಣ ಬಲ್ಲವರಿಗೆ ಮಾತ್ರ, ನೀವು ಹೋಗಬೇಡಿ. ಫಲಕದ ಮೇಲಿನ ಸಮಯದಲ್ಲಿ ನಿಂತು ಸುಧಾರಿಸಿಕೊಳ್ಳುವ ಹೊತ್ತು ಸೇರಿಲ್ಲ, ಫೋಟೋ ತೆಗೆಯುತ್ತಾ ನಡೆಯುವವರು ಅರ್ಧದಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ನೋಡಿ. ತುರ್ತು ಸಂಖ್ಯೆಗಳನ್ನು ಫೋನಿನಲ್ಲಿ ಹಾಕಿಕೊಳ್ಳಿ: ಆಂಬುಲೆನ್ಸ್ 144, ಪೊಲೀಸ್ 117, ಹೆಲಿಕಾಪ್ಟರ್ ರಕ್ಷಣೆ 1414, ಯಾವುದೂ ನೆನಪಾಗದಿದ್ದರೆ 112.

7. ಊಟ

ಹೋಟೆಲಿನಲ್ಲಿ ಒಬ್ಬರ ಒಂದು ಊಟಕ್ಕೆ 25ರಿಂದ 40 ಫ್ರಾಂಕ್ ಆಗುತ್ತದೆ. ಮೂರು ಹೊತ್ತೂ ಹೊರಗೆ ತಿಂದರೆ ಬಜೆಟ್ ನಿಲ್ಲುವುದಿಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಂಡರೆ ನಮ್ಮವರಿಗೆ ತುಂಬಾ ಅನುಕೂಲ. ಮಿಗ್ರೋಸ್, ಕೋಪ್ ಎಂಬ ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ತರಕಾರಿ, ಸಪ್ಪೆ ಮೊಸರು ಎಲ್ಲ ಸಿಗುತ್ತವೆ, ಮೊಸರನ್ನಕ್ಕೆ ಮೋಸವಿಲ್ಲ. ಹೋಟೆಲ್ ರೂಮಿನಲ್ಲಿ ಮಾತ್ರ ಎಲೆಕ್ಟ್ರಿಕ್ ಕುಕ್ಕರ್ ಇಟ್ಟು ಒಗ್ಗರಣೆ ಹಾಕಬೇಡಿ, ಹೊಗೆ ಅಲಾರಂ ಹೊಡೆದುಕೊಂಡರೆ ದಂಡ ಕಟ್ಟಬೇಕಾಗಬಹುದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣ ಮತ್ತು ವಿಮಾನ ನಿಲ್ದಾಣದ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರ ಸಂಜೆಯೇ ಸಾಮಾನು ತಂದಿಡಿ.

ಊರಿಂದ ಏನು ಒಯ್ಯಬಹುದು? ಚಟ್ನಿಪುಡಿ, ಅವಲಕ್ಕಿ, ನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್, ಸಾರಿನ ಪುಡಿ ಸಾಕು. ತುಪ್ಪ, ಖೋವಾದ ಸಿಹಿ, ಹಾಲಿನ ಪುಡಿ, ಮಾಂಸದ ಪದಾರ್ಥ ಬೇಡ: ಭಾರತದಿಂದ ಹಾಲು-ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣು, ಬಿತ್ತನೆ ಬೀಜಕ್ಕೂ ಅಡ್ಡಿ ಇದೆ. ದುಬೈ ಅಥವಾ ಅಬುಧಾಬಿ ಮೇಲೆ ಹೋಗುವವರು ಗಸಗಸೆ ಇರುವ ಯಾವ ಪುಡಿಯನ್ನೂ ಒಯ್ಯಬೇಡಿ, ಅಲ್ಲಿ ಅದು ಕಾನೂನುಬಾಹಿರ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು: ಆಲೂಗಡ್ಡೆಯ ರೋಸ್ಟಿಯಲ್ಲಿ ಹಲವೆಡೆ ಹಂದಿಮಾಂಸದ ಚೂರು ಇರುತ್ತದೆ, ಸೂಪ್‌ಗೆ ಮಾಂಸದ ರಸ ಹಾಕಿರಬಹುದು, ಕೇಳಿಯೇ ಆರ್ಡರ್ ಮಾಡಿ. ಫಾಂಡ್ಯೂ ಎಂಬ ಕರಗಿಸಿದ ಚೀಸ್‌ನ ತಿನಿಸಿಗೆ ಬಿಳಿ ವೈನ್ ಹಾಕುವುದು ವಾಡಿಕೆ. ಗ್ರುಯೇರ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನವರು ತಿನ್ನದಿರುವುದೇ ಲೇಸು. ಅಲ್ಲಿ ಸಸ್ಯಾಹಾರ ಅಂದರೆ ಮೊಟ್ಟೆ ಸೇರಿದೆ. ಮೊಟ್ಟೆಯೂ ಬೇಡ ಅಂದರೆ ವೀಗನ್ ಗುರುತು ಹುಡುಕಿ. ಜ್ಯೂರಿಕ್‌ನಲ್ಲಿದ್ದರೆ 1898ರಿಂದ ನಡೆಯುತ್ತಿರುವ ಹಿಲ್ಟ್ಲ್ ಸಸ್ಯಾಹಾರಿ ಹೋಟೆಲಿಗೆ ಒಮ್ಮೆ ಹೋಗಿ ಬನ್ನಿ.

ನೀರಿನ ಬಾಟಲಿ ಕೊಳ್ಳಬೇಡಿ. ನಲ್ಲಿ ನೀರು, ಬೀದಿಯ ಕಾರಂಜಿ ನೀರು ಎರಡೂ ಕುಡಿಯಲು ಯೋಗ್ಯ. "ಕೈನ್ ಟ್ರಿಂಕ್‌ವಾಸರ್" (ಕುಡಿಯುವ ನೀರಲ್ಲ) ಎಂಬ ಬೋರ್ಡ್ ಇದ್ದಲ್ಲಿ ಮಾತ್ರ ಕುಡಿಯಬೇಡಿ.

8. ದುಡ್ಡು, ಫೋನು, ಪ್ಲಗ್ಗು

ಅಲ್ಲಿನ ಹಣ ಸ್ವಿಸ್ ಫ್ರಾಂಕ್. ಯೂರೋ ಕೆಲವೆಡೆ ತೆಗೆದುಕೊಳ್ಳುತ್ತಾರೆ, ಆದರೆ ಚಿಲ್ಲರೆ ಫ್ರಾಂಕ್‌ನಲ್ಲೇ ಬರುತ್ತದೆ, ದರದಲ್ಲಿ ನಷ್ಟ. ಫಾರೆಕ್ಸ್ ಕಾರ್ಡ್‌ಗೆ ಫ್ರಾಂಕ್ ತುಂಬಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಭಾರತದ ಕಾರ್ಡ್ ಉಜ್ಜಿದಾಗ ಮಷಿನ್ "ರೂಪಾಯಿಯಲ್ಲೋ ಫ್ರಾಂಕ್‌ನಲ್ಲೋ" ಅಂತ ಕೇಳಿದರೆ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ಅವರಿಷ್ಟದ ದರ ಹಾಕುತ್ತಾರೆ. ನಿಲ್ದಾಣದ ಶೌಚಾಲಯಕ್ಕೆ ಒಂದೆರಡು ಫ್ರಾಂಕ್ ಆಗುತ್ತದೆ, ರೈಲಿನೊಳಗೆ ಉಚಿತ.

ಯುರೋಪ್ ಸಿಮ್ ಅಥವಾ ಇ-ಸಿಮ್ ಕೊಳ್ಳುವಾಗ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಹೆಸರು ಇದೆಯೇ ನೋಡಿ. ಒಕ್ಕೂಟದ ದೇಶ ಅಲ್ಲದ ಕಾರಣ ಕೆಲವು ಪ್ಲ್ಯಾನ್‌ಗಳಲ್ಲಿ ಇರುವುದಿಲ್ಲ.

ಪ್ಲಗ್ ವಿಷಯದಲ್ಲಿ "ಯುರೋಪ್ ಅಡಾಪ್ಟರ್" ಅಂತ ಕೊಂಡು ಹೋದವರು ಪೇಚಾಡುತ್ತಾರೆ. ಸ್ವಿಸ್ ಸಾಕೆಟ್ ಬೇರೆಯದು, ಟೈಪ್ ಜೆ. ಮೂರು ಸಣ್ಣ ತೂತು, ಸುತ್ತ ಆರು ಮೂಲೆಯ ತಗ್ಗು. ಎರಡು ತೆಳು ಪಿನ್ನಿನ ಸಪೂರ ಚಾರ್ಜರ್ ಒಳಗೆ ಹೋಗುತ್ತದೆ. ಜರ್ಮನಿಯ ದುಂಡು ದಪ್ಪ ಪ್ಲಗ್, ನಮ್ಮ ಮೂರು ಪಿನ್ನಿನ ಪ್ಲಗ್ ಎರಡೂ ಆ ತಗ್ಗಿನೊಳಗೆ ಹಿಡಿಸುವುದಿಲ್ಲ. ಅಡಾಪ್ಟರ್ ಮೇಲೆ ಸ್ವಿಟ್ಜರ್ಲೆಂಡ್ ಅಂತಲೇ ಬರೆದಿರಬೇಕು. ಕರೆಂಟು 230 ವೋಲ್ಟ್, ನಮ್ಮ ಹಾಗೇ.

9. ವಾಪಸ್ ಹೊರಡುವ ದಿನ

ಒಂದೇ ಅಂಗಡಿಯಲ್ಲಿ 300 ಫ್ರಾಂಕ್‌ಗಿಂತ ಹೆಚ್ಚಿನ ವಾಚು, ಬಟ್ಟೆ ಏನಾದರೂ ಕೊಂಡಿದ್ದರೆ ಬಿಲ್‌ನಲ್ಲಿ ಸೇರಿದ 8.1% ತೆರಿಗೆಯನ್ನು ವಾಪಸ್ ಕೇಳಬಹುದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ ಫಾರಂ ಮಾಡಿಸಿಕೊಳ್ಳಿ. ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮುಂಚೆ ಹೋಗಿ, ಚೆಕ್-ಇನ್‌ಗೆ ಬ್ಯಾಗ್ ಕೊಡುವ ಮೊದಲೇ ಕಸ್ಟಮ್ಸ್ ಕೌಂಟರ್‌ನಲ್ಲಿ ಫಾರಂಗೆ ಮುದ್ರೆ ಹಾಕಿಸಿ. ಕೊಂಡ ವಸ್ತುವನ್ನೇ ತೋರಿಸಿ ಅನ್ನಬಹುದು, ಅದು ಬ್ಯಾಗಿನ ಮೇಲ್ಭಾಗದಲ್ಲಿರಲಿ. ಫ್ರಾಂಕ್‌ಫರ್ಟ್ ಮೇಲೆ ವಾಪಸಾಗುವವರು ಅಲ್ಲಿ ಹಾಕಿಸಿದರಾಯ್ತು ಅಂತ ಬಿಡಬೇಡಿ. ಸ್ವಿಸ್ ಬಿಲ್‌ಗೆ ಸ್ವಿಸ್ ಕಸ್ಟಮ್ಸ್ ಮುದ್ರೆಯೇ ಬೇಕು, ಅದು ಸ್ವಿಟ್ಜರ್ಲೆಂಡ್ ಬಿಡುವ ಮುಂಚೆಯೇ ಆಗಬೇಕು.